ಬಲಹೆಗಲ ಸೆರಗು

ತಾರ್ನಾಕ, ಹೈದರಾಬಾದ್
೧೨ ನವೆಂಬರ್ ೨೦೨೪

ಪ್ರೀತಿಯ ಗಂಗಕ್ಕಾ,

ನಿನ್ನ ತಮ್ಮನ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಕಲಬುರಗಿಯಲ್ಲೂ ಬೆಳಗಿನ ಚಳಿ ಶುರುವಾಗಿರಬೇಕು, ಬಿಸಿನೀರಿನ ಶಾಖ ತಪ್ಪಿಸಬೇಡ. ಭಾವನವರು ನಿಜವಾಗಿಯೂ ಸಕ್ಕರೆ ಬಿಟ್ಟಿದ್ದಾರೋ, ಇಲ್ಲ ನೀನು ಅತ್ತ ತಿರುಗಿದಾಗ ಬಾಯಿಗೆ ಹಾಕಿಕೊಳ್ಳುತ್ತಾರೋ? ನಾವಿಲ್ಲಿ ಆರಾಮವಾಗಿದ್ದೇವೆ. ವಿಜಯಶ್ರೀ ನಿನಗೆಂದೇ ಶೇಂಗಾ ಹಿಂಡಿ ಕುಟ್ಟಿಟ್ಟು, ನಾನು ಡಬ್ಬಿ ಮುಟ್ಟದ ಹಾಗೆ ಮೇಲಿನ ಹಲಗೆಯಲ್ಲಿ ಇಟ್ಟಿದ್ದಾಳೆ. ಶುಕ್ರವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಬಂದ ಕಾಗದವನ್ನು ಓದದೆ ಹರಿಯುವವಳಲ್ಲ ನೀನು ಎಂಬ ಧೈರ್ಯ ನನಗಿದೆ.

ಅವತ್ತು ಫೋನಿನಲ್ಲಿ ಉಸಿರು ಬಿಡದೆ ಒದರಿದೆ, ಈಗ ಮೊದಲಿಂದ ಹೇಳುತ್ತೇನೆ ಕೇಳು. ನಿಮ್ಮ ವಿಶ್ವವಿದ್ಯಾಲಯದ ಬ್ಯಾಂಡಿನ ಹಳೆಯ ಫಿಲ್ಮುಗಳು ಸಿಕ್ಕಿವೆ! ಅಬಿಡ್ಸಿನಲ್ಲಿ ಎಂದೋ ಮುಚ್ಚಿಹೋದ ಫೋಟೊ ಸ್ಟುಡಿಯೋ ಒಂದರ ಅಟ್ಟದ ಮೇಲೆ ತಗಡಿನ ಡಬ್ಬಿಗಳಲ್ಲಿ ಬಿದ್ದಿದ್ದವಂತೆ. ಸ್ಟುಡಿಯೋದವರ ಮನೆಯವರು ಆಟೋದಲ್ಲಿ ತುಂಬಿಕೊಂಡು ಬಂದು ನಮ್ಮ ಲೈಬ್ರರಿಗೆ ಕೊಟ್ಟು ಹೋದರು. ನನ್ನ ಜೊತೆ ಕೆಲಸ ಮಾಡುವ ನಿಶಾಂತ ಅವುಗಳನ್ನು ಒರೆಸಿ, ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದಾನೆ. ಒಂದು ಡಬ್ಬಿಯ ಮೇಲೆ ‘ಘಟಿಕೋತ್ಸವ, ೧೯೭೪’ ಎಂದಿದ್ದುದನ್ನು ನೋಡಿ ನಾನು ಊಟದ ಡಬ್ಬಿಯನ್ನೂ ಬಿಚ್ಚದೆ ಅವನ ಪಕ್ಕದಲ್ಲಿ ಕೂತುಬಿಟ್ಟೆ.

ಏನು ಹೇಳಲಿ ಅಕ್ಕಾ! ಕಪ್ಪು ಬಿಳುಪು, ಸದ್ದಿಲ್ಲ, ಆದರೂ ನನಗೆ ಡೋಲು ಕೇಳಿಸಿದ ಹಾಗೇ ಆಯಿತು. ಆರ್ಟ್ಸ್ ಕಾಲೇಜಿನ ಮುಂದಿನಿಂದ ಬ್ಯಾಂಡು ತಿರುಗಿ ಬರುತ್ತದೆ. ಮೊದಲು ತುತ್ತೂರಿಯವರು, ಆಮೇಲೆ ಹುಡುಗಿಯರ ಸಾಲು, ಅದರಲ್ಲಿ ನೀನು! ಟೊಪ್ಪಿಗೆ ಒಂದಿಷ್ಟು ಓರೆ, ಸೊಂಟಕ್ಕೆ ಸೈಡ್ ಡ್ರಮ್ಮು, ಗದ್ದ ಮೇಲಕ್ಕೆ. ತರಕಾರಿಯವನ ಜೊತೆ ಜಗಳಕ್ಕೆ ನಿಂತಾಗ ಈಗಲೂ ನಿನ್ನ ಮುಖ ಹೀಗೇ ಇರುತ್ತದೆ. ನಿನ್ನ ಕೈ ಎಷ್ಟು ಚುರುಕೆಂದರೆ ಫಿಲ್ಮಿನಲ್ಲಿ ಕೋಲುಗಳೇ ಕಾಣುವುದಿಲ್ಲ. ಇಂಥ ಅಕ್ಕನನ್ನು ನಾನು ಬರೀ ರೊಟ್ಟಿ ಬಡಿಯುವಾಗ ನೋಡಿದ್ದೇನಲ್ಲ ಎಂದು ಹೊಟ್ಟೆ ಉರಿಯಿತು.

ಹೆಣ್ಣುಮಕ್ಕಳು ಬೀದಿಯಲ್ಲಿ ಬಾಜಾ ಬಾರಿಸುವುದೇ ಎಂದು ಅಪ್ಪ ಕೂಗಾಡಿದ್ದು, ಘಟಿಕೋತ್ಸವದ ದಿನ ಮನೆಯವರು ಯಾರೂ ಕ್ಯಾಂಪಸ್ಸಿನ ಕಡೆ ಕಾಲಿಡಕೂಡದೆಂದು ಆಣೆ ಹಾಕಿದ್ದು, ಎಲ್ಲ ನಿನ್ನ ಬಾಯಿಂದಲೇ ಕೇಳಿ ಗೊತ್ತು. ನಾನಾಗ ಎರಡು ವರ್ಷದವನು, ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದೆನಂತೆ. ಆ ಬೇಸಿಗೆಯಲ್ಲೇ ನಿನ್ನ ಮದುವೆಯಾಯಿತು, ಡ್ರಮ್ಮು ಅಲ್ಲಿಗೆ ಮುಗಿಯಿತು. ನೀನು ಅದಕ್ಕೆ ಎಂದೂ ಅತ್ತವಳಲ್ಲ. ಆದರೆ “ಎಲ್ಲಾರ ಅವ್ವಂದಿರೂ ಬಂದಿದ್ರು, ನನ್ನಾಕಿ ಒಬ್ಬಾಕಿ ಬರಲಿಲ್ಲ” ಅನ್ನುವುದನ್ನು ಅವ್ವ ತೀರಿಕೊಂಡ ಮೇಲೂ ನೀನು ಬಿಡಲಿಲ್ಲ. ಅವಳಿದ್ದಾಗ ಕೇಳಿದಾಗೆಲ್ಲ ಒಲೆಯ ಕಡೆ ತಿರುಗಿಬಿಡುತ್ತಿದ್ದಳಂತೆ.

ಅದಕ್ಕೇ ನನ್ನ ಕಣ್ಣು ದಾರಿಗೆ ಕಟ್ಟಿದ ಹಗ್ಗದಾಚೆ ನಿಂತ ಹೆಂಗಸರ ಮೇಲೆ ಹೋಯಿತು. ಅವ್ವ ಹೈದರಾಬಾದಿನಲ್ಲೇ ಹಣ್ಣಾದರೂ ನಮ್ಮ ಕಡೆಯ ಪದ್ಧತಿ ಬಿಡದೆ ಸೆರಗನ್ನು ಬಲಹೆಗಲ ಮೇಲೆ ಹಾಕಿಕೊಂಡವಳಲ್ಲವೇ? ಇಲ್ಲಿಯವರದೆಲ್ಲ ಎಡಹೆಗಲು. ನೋಡುತ್ತೇನೆ, ಆ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರ ಸೆರಗೂ ಬಲಗಡೆ! ಇಡೀ ಕಲಬುರಗಿ ಜಿಲ್ಲೆಯೇ ನಿನ್ನನ್ನು ನೋಡಲು ಎದ್ದು ಬಂದಿದೆ ಎಂದು ನಾನು ಹಿರಿಹಿರಿ ಹಿಗ್ಗಿದೆ. ಅವರಲ್ಲೇ ಹುಡುಕಿ, ಮುಖ ಅರ್ಧ ಮುಚ್ಚಿಕೊಂಡಿದ್ದ ಒಬ್ಬ ದಪ್ಪನೆಯ ಹೆಂಗಸನ್ನು ಅವ್ವ ಎಂದು ತೀರ್ಮಾನಿಸಿ, ಕಣ್ಣೀರು ಸುರಿಸಿ, ಅಲ್ಲಿಂದಲೇ ನಿನಗೆ ಫೋನ್ ಹಚ್ಚಿದೆ. ನೀನು “ಸುಳ್ಳ ಸಮಾಧಾನ ಮಾಡಬ್ಯಾಡೊ ತಮ್ಮಾ” ಎಂದು ಇಟ್ಟುಬಿಟ್ಟೆ.

ನಿನ್ನೆ ವಿಜಯಶ್ರೀಗೂ ತೋರಿಸೋಣವೆಂದು ಕರೆದುಕೊಂಡು ಹೋದೆ. ಬ್ಯಾಂಡು ವೇದಿಕೆಯ ಮುಂದೆ ಬಂತು, ಬ್ಯಾಂಡ್ ಮಾಸ್ತರರು ಸಲಾಮು ಹೊಡೆದರು. ಇವಳು ನನ್ನ ಮೊಣಕೈ ತಿವಿದು, “ಇವ್ರ್ಯಾಕ್ರಿ ಎಡಗೈಲೆ ಸಲಾಮ್ ಹೊಡ್ಯಾಕತ್ತಾರ?” ಎಂದಳು. ನಿಶಾಂತ ನಾಲಿಗೆ ಕಚ್ಚಿಕೊಂಡ. ಫಿಲ್ಮಿನ ಪಟ್ಟಿಯನ್ನು ಬೆನ್ನು ಮೇಲಾಗಿ ಹಾಕಿಬಿಟ್ಟಿದ್ದನಂತೆ, ಕನ್ನಡಿಯೊಳಗೆ ನೋಡಿದ ಹಾಗೆ ಎಡವೆಲ್ಲ ಬಲವಾಗಿತ್ತು. ತಿರುಗಿಸಿ ಹಾಕಿದ ಕೂಡಲೇ ಮಾಸ್ತರರ ಸಲಾಮು ಸರಿಹೋಯಿತು, ನನ್ನ ಕಲಬುರಗಿ ಜಿಲ್ಲೆ ಮಾತ್ರ ಮಂಗಮಾಯ. ಆ ದಪ್ಪನೆಯ ಹೆಂಗಸಿನ ಸೆರಗೂ ಎಡಕ್ಕೆ ಹೋಯಿತು, ಯಾವ ಮನೆಯ ತಾಯಿಯೋ ಏನೋ. ಮೊದಲು ನಗು ಬಂತು. ಆಮೇಲೆ ಉಳಿದದ್ದನ್ನು ನೋಡುವ ಮನಸ್ಸಾಗದೆ ಎದ್ದು ಬಂದೆ. ನೀನು ಹೇಳಿದ್ದೇ ಸರಿ ಅಕ್ಕಾ, ಆಕೆ ಅವ್ವ ಅಲ್ಲ.

ಆದರೂ ನೀನು ಬರಲೇಬೇಕು. ಡಿಸೆಂಬರಿನ ಮೊದಲ ಭಾನುವಾರ ಕ್ಯಾಂಪಸ್ಸಿನ ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ನಿಮ್ಮ ಬ್ಯಾಂಡಿನವರು ಉಪ್ಪಲ್‌ನಿಂದ, ಎಲ್ಲೆಲ್ಲಿಂದಲೋ ಬರುತ್ತಿದ್ದಾರೆ. ನಿನಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿಡುತ್ತೇನೆ. ಹಿಂದಿನ ದಿನವೇ ಗಾಡಿ ಹತ್ತು, ಸಿಕಂದರಾಬಾದ್ ಸ್ಟೇಷನ್ನಿಗೆ ನಾನು ಬಂದಿರುತ್ತೇನೆ. ಭಾವನವರಿಗೆ ನಮ್ಮಿಬ್ಬರ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು.

ನಿನ್ನ ತಮ್ಮ,
ಗುರುಬಸವ

ತಾ.ಕ.: ಲಕೋಟೆ ಅಂಟಿಸುವ ಹೊತ್ತಿಗೆ ವಿಜಯಶ್ರೀ ಕೇಳಿದಳು, “ಅವತ್ತ ಎಲ್ಲಾರದೂ ಬಲಗಡೆ ಇತ್ತಂದ್ರಿ. ಎಡಗಡೆ ಸೆರಗಿನಾಕಿ ಯಾರರ ಇದ್ಲೇನ್ರಿ?” ನಾನು ಚಪ್ಪಲಿ ಹುಡುಕದೆ ಲೈಬ್ರರಿಗೆ ಓಡಿದೆ. ಒಬ್ಬಳಿದ್ದಳು ಅಕ್ಕಾ. ತಪ್ಪಾಗಿ ಹಾಕಿದ ಫಿಲ್ಮಿನಲ್ಲಿ ಎಡಗಡೆ ಸೆರಗೆಂದು ನಾನು ಕಣ್ಣೆತ್ತಿಯೂ ನೋಡದಿದ್ದವಳು, ಈಗ ಬಲಗಡೆ ಸೆರಗಿನವಳು ಅವಳೊಬ್ಬಳೇ. ಅವ್ವ! ನಿಲ್ಲಿಸಿ ನಿಲ್ಲಿಸಿ ನೋಡಿದೆ, ಅದೇ ಮೂಗು, ಅದೇ ನತ್ತು, ಸಂಶಯವೇ ಇಲ್ಲ. ಅವಳ ಸೊಂಟದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಾನು. ನನ್ನನ್ನು ಆಸ್ಪತ್ರೆಗೆ ತೋರಿಸಬೇಕೆಂದು ಅಪ್ಪನಿಗೆ ಹೇಳಿ ಬಂದಿರಬೇಕು. ನಿಮ್ಮ ಸಾಲು ಬಂದ ಮೇಲೆ ಅವಳು ನಿಂತಲ್ಲಿ ನಿಂತಿಲ್ಲ. ಜನರನ್ನು ಸರಿಸಿಕೊಂಡು, ನನ್ನನ್ನು ಎತ್ತಿಕೊಂಡು, ಹಗ್ಗದ ಆಚೆ ನಿನ್ನ ಸರಿಸಮಕ್ಕೆ ನಡೆದಿದ್ದಾಳೆ, ಫಿಲ್ಮು ಮುಗಿಯುವವರೆಗೂ. ಬ್ಯಾಂಡಿನಲ್ಲಿ ಕತ್ತು ತಿರುಗಿಸುವ ಹಾಗಿಲ್ಲವಲ್ಲ, ಅದಕ್ಕೇ ನೀನು ನೋಡಲಿಲ್ಲ.