ಕಿಟಕಿ ಪಕ್ಕದ ಪ್ಲಾಸ್ಮಾ

ಜನವರಿ 9, 2011, ಭಾನುವಾರ

ಪೇಪರ್ ಓದಿ ಮುಗಿಸಿದೆ. ಪಾತ್ರೆ ತೊಳೆಯುವ ಸರದಿ ಇವತ್ತು ನಿನ್ನದು ಎಂದು ತಮ್ಮ ಸತೀಶನಿಗೆ ನೆನಪಿಸಿದೆ. ಎಂದಿನಂತೆ ಅವನಿಗೆ ಸೊಂಟನೋವು ಬಂತು. ಅದೇ ಹೊತ್ತಿಗೆ ಟಿ.ವಿ. ಸತ್ತಿತು. ಚಿತ್ರವೆಲ್ಲ ಕುಗ್ಗಿ ನಡುವೆ ಒಂದು ಬಿಳಿ ಗೆರೆ. ಸತೀಶ ಅದರ ನೆತ್ತಿಗೆ ಎರಡು ಬಾರಿಸಿದ. ಗೆರೆಯೂ ಹೋಯಿತು. ಸೊಂಟನೋವು ಮರೆತೇ ಹೋಗಿತ್ತು ಅವನಿಗೆ.

ಒಳ್ಳೆಯದಾಯಿತು, ಹೊಸದು ಬೇಡ ಎಂದೆ. ಟಿ.ವಿ. ನಮಗೆ ಮೊದಲು ಸೋಪು ಮಾರುತ್ತದೆ, ಸೋಪಿನ ಜೊತೆ ನಮ್ಮ ಮೈಬಣ್ಣದ ಬಗ್ಗೆ ನಾಚಿಕೆಯನ್ನೂ ಮಾರುತ್ತದೆ. ಟೌನ್ ಹಾಲ್ ಮುಂದೆ ಹಂಚಿದ್ದ ಕರಪತ್ರದಲ್ಲಿ ಇದೇ ಇತ್ತು. ತಂದು ಗಟ್ಟಿಯಾಗಿ ಓದಿದೆ.

"ಆಯ್ತಾ?" ಎಂದರು ಅಪ್ಪ. "ಅರಿಯರ್ಸ್ ಬಂದಿದೆ. ಈ ಸಲ ಫ್ಲಾಟ್ ಟಿ.ವಿ. ತರೋದೇ. ನಮ್ಮ ಆಫೀಸಿನ ಬದರೀನಾರಾಯಣ ಪ್ಲಾಸ್ಮಾ ಹಾಕ್ಸಿದಾನೆ. ಥಿಯೇಟ್ರಲ್ಲಿ ಕೂತಂಗಿರುತ್ತೆ."

"ಪ್ಲಾಸ್ಮಾ ಓಲ್ಡ್ ಆಯ್ತಪ್ಪ. ಈಗೆಲ್ಲ ಎಲ್.ಸಿ.ಡಿ.," ಎಂದ ಸತೀಶ. "ಯಾವ್ದಾದ್ರೂ ಸರಿ, ವರ್ಲ್ಡ್ ಕಪ್ ಒಳಗೆ ಬರ್ಬೇಕು."

ಅಮ್ಮ ಕಿಟಕಿ ಕೆಳಗೆ ಚಾಪೆ ಮೇಲೆ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ಹಲ್ಲಿನಲ್ಲಿ ದಾರ ಕಚ್ಚಿಕೊಂಡವಳನ್ನು ಯಾರು ಕೇಳುತ್ತಾರೆ?


ಜನವರಿ 12, ಬುಧವಾರ

ಸೋತಿಲ್ಲ. ಟಿ.ವಿ. ಬರುವುದೇ ಆದರೆ ಯಾವುದು ಬರಬೇಕು ಎಂಬುದೂ ರಾಜಕೀಯ ಪ್ರಶ್ನೆಯೇ. ಅಪ್ಪನ "ಥಿಯೇಟ್ರು", ಸತೀಶನ "ಮ್ಯಾಚು" — ಇವು ಆಸೆಗಳು. ವಾದಗಳಲ್ಲ.

ಸೈಬರ್ ಕೆಫೆಯಲ್ಲಿ ಕೂತು ಓದಿದೆ. ಪ್ಲಾಸ್ಮಾದಲ್ಲಿ ಕಪ್ಪು ಎಂದರೆ ಕಪ್ಪೇ. ಓಡುವ ಚೆಂಡು ಮಸುಕಾಗುವುದಿಲ್ಲ. ಆದರೆ ಕರೆಂಟು ಎರಡರಷ್ಟು ತಿನ್ನುತ್ತದೆ, ಬಿಸಿಯಾಗುತ್ತದೆ, ಮುಂದೆ ಗಾಜು ಇರುವುದರಿಂದ ಬೆಳಕು ಬಿದ್ದರೆ ಕನ್ನಡಿಯಾಗುತ್ತದೆ. ಎಲ್.ಸಿ.ಡಿ. ಹಗುರ, ಕರೆಂಟು ಕಡಿಮೆ, ಹಗಲಿನಲ್ಲೂ ಚೆನ್ನಾಗಿ ಕಾಣುತ್ತದೆ. ಹಳ್ಳಿಗಳಲ್ಲಿ ದಿನಕ್ಕೆ ಅರ್ಧಹೊತ್ತು ಲೋಡ್ ಶೆಡ್ಡಿಂಗ್ ಇರುವಾಗ ಮಲ್ಲೇಶ್ವರದಲ್ಲಿ ಕೂತು ಎರಡು ಪಾಲು ಕರೆಂಟು ಉರಿಸಲು ನಾವು ಯಾರು?

ತೀರ್ಮಾನ: ಎಲ್.ಸಿ.ಡಿ. ಚರ್ಚೆ ಮುಗಿಯಿತು.

ಇಡುವ ಜಾಗದ ಬಗ್ಗೆ ಮಾತ್ರ ಮನೆಯಲ್ಲಿ ಜಗಳವಿಲ್ಲ. ನಮ್ಮ ಹಾಲ್ ರೈಲು ಡಬ್ಬಿ. ಬೀದಿ ತುದಿಯಲ್ಲಿ ಒಂದೇ ಕಿಟಕಿ, ಒಳಗೆ ಹೋದಷ್ಟೂ ಕತ್ತಲು. ಒಳಗಿನ ಗೋಡೆಯಲ್ಲಿ, ಕಿಟಕಿಗೆ ಎದುರಾಗದಂತೆ ಬದಿಗೆ, ಬುದ್ಧ, ಬಾಬಾಸಾಹೇಬರು. ಅಪ್ಪ ಕೆಲಸಕ್ಕೆ ಸೇರಿದ ದಿನ ತಂದು ಹಾಕಿದ ಫೋಟೊಗಳು. ಅವುಗಳ ಕೆಳಗೆ ಕ್ಯಾಲೆಂಡರ್ ಕೂಡ ತೂಗುಹಾಕಲು ಅವರು ಬಿಡುವುದಿಲ್ಲ. ನಾನೂ ಬಿಡುವುದಿಲ್ಲ. ಹಾಗಾಗಿ ಟಿ.ವಿ. ಹಳೆಯ ಜಾಗದಲ್ಲೇ, ಕಿಟಕಿ ಪಕ್ಕದ ಗೋಡೆಗೆ. ಈ ಒಂದು ವಿಷಯದಲ್ಲಿ ಅಪ್ಪನೂ ನಾನೂ ಒಂದೇ ಪಕ್ಷ.


ಜನವರಿ 23, ಭಾನುವಾರ, ಸಂಜೆ

ಸಂಪಿಗೆ ರಸ್ತೆಗೆ ನಾಲ್ವರೂ ಹೋದೆವು. ಮೆಟ್ರೊ ಅಗೆತದ ಧೂಳು. ಅಂಗಡಿಯೊಳಗೆ ಎ.ಸಿ., ಗೋಡೆ ತುಂಬ ಟಿ.ವಿ., ಎಲ್ಲದರಲ್ಲೂ ಅದೇ ಕಿತ್ತಳೆ ಮೀನು ಈಜುತ್ತಿತ್ತು. ಟೈ ಕಟ್ಟಿದ ಸೇಲ್ಸ್‌ಮನ್, ಹೆಸರು ಅನಿಲ್ ಕುಮಾರ್, ನಮ್ಮನ್ನು ನಡುಮಧ್ಯ ನಿಲ್ಲಿಸಿ, "ಇಲ್ಲಿಂದ ನೋಡಿ ಸರ್, ಇದು ಬೆಸ್ಟ್ ಪೊಸಿಷನ್," ಎಂದ.

ತಿರುಗಿ ನೋಡಿದೆ. ಬೆಸ್ಟ್ ಪೊಸಿಷನ್‌ನಲ್ಲಿ ಅಮ್ಮ ಇರಲಿಲ್ಲ. ಫ್ರಿಜ್ಜುಗಳ ಹತ್ತಿರ ಒಂದು ಮೂಲೆ ಹುಡುಕಿಕೊಂಡು ನಿಂತಿದ್ದಳು.

ಆಗ ಹೊಳೆಯಿತು. ಮನೆಯಲ್ಲಿ ಅಪ್ಪ ದಿವಾನದ ಮೇಲೆ, ಟಿ.ವಿ.ಗೆ ನೇರ. ಅಮ್ಮ ನೆಲದ ಮೇಲೆ, ಕಿಟಕಿ ಕೆಳಗೆ, ಟಿ.ವಿ.ಯ ಕೆನ್ನೆಯ ಹತ್ತಿರ. ದಾರದ ಬಣ್ಣ ಹಗಲ ಬೆಳಕಿನಲ್ಲೇ ತಿಳಿಯಬೇಕು, ಹಾಗಾಗಿ ಆ ಜಾಗ ಬಿಟ್ಟು ಏಳುವ ಹಾಗಿಲ್ಲ. ಟಿ.ವಿ. ನಡೆಯುವಷ್ಟು ಹೊತ್ತೂ ಮನೆಯಲ್ಲಿರುವವಳು ಅವಳೇ. ಅವಳು ಕೂರುವ ಕಡೆಯಿಂದ ಯಾರಾದರೂ ನೋಡಿದ್ದಾರೆಯೇ?

ಎಲ್.ಸಿ.ಡಿ. ಪಕ್ಕಕ್ಕೆ ಹೋಗಿ ಅಂಗಡಿಯ ನೆಲದ ಮೇಲೆ ಕೂತೆ.

"ಮೇಡಂ, ಚೇರ್ ತರಿಸ್ತೀನಿ..."

"ಬೇಡ. ನಮ್ಮನೇಲಿ ಟಿ.ವಿ. ನೋಡೋರು ನೆಲದ ಮೇಲೆ ಕೂರ್ತಾರೆ."

"ಅಕ್ಕಾ, ಏಳೇ. ಎಲ್ಲಾ ನೋಡ್ತಿದಾರೆ."

"ನೋಡ್ಲಿ ಬಿಡೋ."

ಅಲ್ಲಿಂದ ಕಿತ್ತಳೆ ಮೀನು ಸುಣ್ಣ ಬಳಿದಂತೆ ಬಿಳಚಿಕೊಂಡಿತ್ತು. ಕೂತಲ್ಲೇ ಪ್ಲಾಸ್ಮಾ ಕಡೆ ಸರಿದೆ. ಅಲ್ಲಿ ಮೀನು ಮೀನಾಗಿಯೇ ಇತ್ತು, ಎಷ್ಟು ಓರೆಯಿಂದ ನೋಡಿದರೂ. ಎಲ್.ಸಿ.ಡಿ. ಎಂದರೆ ಯಜಮಾನನ ಟಿ.ವಿ. ಎದುರು ಕೂತವನಿಗೆ ಮಾತ್ರ ಬಣ್ಣ! ಇದನ್ನು ಗಟ್ಟಿಯಾಗಿಯೇ ಹೇಳಿದೆ.

"ಅವಳೆಲ್ಲಿ ನೋಡ್ತಾಳೆ?" ಎಂದರು ಅಪ್ಪ. "ಕೆಲಸ ಮಾಡ್ತಾ ಕೇಳಿಸ್ಕೋತಾಳೆ ಅಷ್ಟೆ."

"ಯಾಕೆ ಕೇಳಿಸ್ಕೋತಾಳೆ? ಕಾಣೋ ಕಡೆ ಯಾವತ್ತು ಕೂರ್ಸಿದೀರಿ?"

ಅಪ್ಪ ಅಂಗಡಿಯ ಸೀಲಿಂಗ್ ನೋಡಿದರು. ಅನಿಲ್ ಕುಮಾರ್ ಮಾತ್ರ ನನ್ನ ಕಡೆಯಾದ. "ಸರ್, ಮೇಡಂ ಹೇಳೋದು ಕರೆಕ್ಟ್. ಆಂಗಲ್ ವಿಷಯದಲ್ಲಿ ಪ್ಲಾಸ್ಮಾನೇ." ಅಪ್ಪನಿಗೂ ಒಳಗೊಳಗೆ ಬೇಕಿದ್ದದ್ದು ಅದೇ. ಬುಕ್ ಆಯಿತು. ಕರೆಂಟಿನ ಲೆಕ್ಕ ಬೇರೆ ಕಡೆ ಸರಿದೂಗಿಸುತ್ತೇನೆ. ಬಚ್ಚಲಿನ ಲೈಟು ಆರಿಸದೆ ಬರುವವರಿಗೆ ಇನ್ನು ಮುಂದೆ ನಾನಿದ್ದೇನೆ.

ಅಮ್ಮ ದಾರಿಯಲ್ಲಿ ಆಡಿದ್ದು ಒಂದೇ ಮಾತು. "ಅಂಗ್ಡಿ ನೆಲ ಒರ್ಸಿದ್ರೋ ಇಲ್ವೋ, ಹೊಸಾ ಚೂಡಿದಾರ್ ಅದು."


ಜನವರಿ 30, ಭಾನುವಾರ

ಬಂತು. ಇಬ್ಬರು ಹೊತ್ತು ತಂದರು, ಅಷ್ಟು ಭಾರ. ಮೇಜಿನ ಮೇಲೆ ನಿಲ್ಲಿಸಿದರು. ಸಂಜೆ ಸೀರಿಯಲ್ ಹೊತ್ತಿಗೆ ಅಮ್ಮ ದಾರ ಸುತ್ತುತ್ತಾ ಒಮ್ಮೆ ತಲೆ ಎತ್ತಿದಳು. ಕೈ ನಿಂತಿತು.

"ಇವಳ ಸೀರೆ ರಾಮಾ ಗ್ರೀನು ಕಣೇ! ಇಷ್ಟು ದಿನ ನೀಲಿ ಅನ್ಕೊಂಡಿದ್ದೆ."

ಗೆದ್ದೆ. ಇನ್ನೇನೂ ಬರೆಯುವ ಅಗತ್ಯವಿಲ್ಲ.


ಫೆಬ್ರವರಿ 6, ಭಾನುವಾರ

ಬರೆಯಬೇಕಾಗಿದೆ.

ಸಂಜೆ ಸರಿಯಿರುತ್ತದೆ. ಹಗಲು ಇಲ್ಲ. ಹಗಲಿನಲ್ಲಿ ಪ್ಲಾಸ್ಮಾ ಗಾಜಿನ ತುಂಬ ನಮ್ಮ ಕಿಟಕಿ, ಎದುರು ಮನೆಯ ಗೇಟು, ಅವರ ಸ್ಕೂಟರು. ಸತೀಶ ಕರ್ಟನ್ ಎಳೆಯುತ್ತಾನೆ. ರಜೆ ದಿನ ಅಪ್ಪನೂ. ಕರ್ಟನ್ ಎಳೆದರೆ ಅಮ್ಮನಿಗೆ ಬೆಳಕಿಲ್ಲ. ಸ್ಟೂಲು, ಸೀರೆ, ದಾರದ ಡಬ್ಬಿ ಎತ್ತಿಕೊಂಡು ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗುತ್ತಾಳೆ. ಪಕ್ಕದ ಕಟ್ಟಡ ಅಲ್ಲಿಯ ಬಿಸಿಲನ್ನೆಲ್ಲ ನುಂಗಿದೆ. ಟ್ಯೂಬ್‌ಲೈಟ್ ಹಾಕಿಕೊಂಡು ಕೂರುತ್ತಾಳೆ.

"ಇರ್ಲಿ ಬಿಡೇ. ಅಲ್ಲಿ ತಣ್ಣಗಿರುತ್ತೆ."

ಇರಲಿ ಬಿಡು ಎನ್ನುವುದೇ ಈ ದೇಶದ ರೋಗ. ಕರ್ಟನ್ ತೆಗೆದೆ. ಸತೀಶ ಎಳೆದ. ತೆಗೆದೆ. ಎಳೆದ.


ಫೆಬ್ರವರಿ 14, ಸೋಮವಾರ

ಅಲಮೇಲು ಅವರ ಅಂಗಡಿಯಿಂದ ಮದುವೆ ಸೀರೆ ವಾಪಸ್ ಬಂತು. ಎಂಟನೇ ಕ್ರಾಸಿನಲ್ಲಿ ಅವರದು ಬ್ಲೌಸ್ ಹೊಲಿಯುವ ಅಂಗಡಿ. ಅಮ್ಮನ ಕುಚ್ಚಿನ ಕೆಲಸ ಬಹುಪಾಲು ಅವರಿಂದಲೇ ಬರುವುದು. ಮೆರೂನ್ ಸೆರಗಿಗೆ ಅಮ್ಮ ಕಂದು ದಾರದ ಕುಚ್ಚು ಕಟ್ಟಿದ್ದಳು. ಇಡೀ ಸೆರಗಿಗೆ. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ.

"ಪಾರ್ವತಮ್ಮ, ನಿಮ್ಮ ಕೈಲಿ ಹೀಗಾಗಿದ್ದು ಇದೇ ಮೊದಲು. ಕಣ್ಣು ಒಂದ್ಸಲ ತೋರಿಸ್ಕೊಳ್ಳಿ," ಎಂದರಂತೆ. ಮೃದುವಾಗಿಯೇ. ಮದುವೆ ಸೀಸನ್ ಸೀರೆಗಳನ್ನು ಸದ್ಯ ಬೇರೆಯವರಿಗೆ ಕೊಡುತ್ತೇನೆ ಎಂದದ್ದೂ ಮೃದುವಾಗಿಯೇ.

ಅಮ್ಮ ಕತ್ತರಿ ಹಿಡಿದು ಒಂದೊಂದೇ ಕುಚ್ಚು ತೆಗೆದಳು. ಅಳಲಿಲ್ಲ. "ನನ್ನ ಕಣ್ಣು ಚೆನ್ನಾಗೇ ಇದೆ," ಎಂದು ಯಾರಿಗೋ ಎನ್ನುವಂತೆ ಒಮ್ಮೆ ಹೇಳಿದಳು.

ಸ್ಕ್ರೂಡ್ರೈವರ್ ತಂದೆ. ಕರ್ಟನ್ ರಾಡನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಈಗ ಎಳೆಯಲಿ.


ಫೆಬ್ರವರಿ 19, ಶನಿವಾರ

ವರ್ಲ್ಡ್ ಕಪ್ ಶುರು. ಮಧ್ಯಾಹ್ನ ನಾನು ಟ್ಯೂಷನ್ ಹೇಳಿ ಮನೆಗೆ ಬಂದಾಗ ಹಾಲ್ ತುಂಬ ಸತೀಶನ ಗೆಳೆಯರು. ಕಿಟಕಿಗೆ ಬೆಡ್‌ಶೀಟ್. ಮೊಳೆ ಹೊಡೆದು. ಅಮ್ಮ ಒಗೆಯುವ ಕಲ್ಲಿನ ಹತ್ತಿರ, ತೊಡೆಯ ಮೇಲೆ ಖಾಲಿ ಕೈ.

ಬೆಡ್‌ಶೀಟ್ ಎಳೆದು ಹಾಕಿದೆ.

"ಅಕ್ಕೋ! ಬಾಲೇ ಕಾಣಲ್ಲ!"

"ನಿನಗೆ ಬಾಲ್ ಕಾಣ್ಬೇಕು. ಅವಳಿಗೆ ಕೆಲಸ ಕಾಣ್ಬೇಕು. ಯಾವ್ದು ದೊಡ್ದು?"

"ಗುರು, ನಿಮ್ಮಕ್ಕ ಲೀಡರ್ರು," ಎಂದ ಗೆಳೆಯರಲ್ಲೊಬ್ಬ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

"ಪ್ಲಾಸ್ಮಾನೇ ಆಗ್ಬೇಕು ಅಂತ ಅಂಗ್ಡೀಲಿ ನೆಲದ ಮೇಲೆ ಕೂತೋಳು ನೀನು. ಈಗ ಬೆಳಕೂ ಬೇಕು ಅಂದ್ರೆ? ಎಲ್ಲಿಡೋಣ ಹೇಳು. ತಲೆ ಮೇಲಾ?"

ಕತ್ತಲಿರುವುದು ಒಂದೇ ಕಡೆ. ಒಳಗಿನ ಗೋಡೆ. ಅಪ್ಪನೂ ನೋಡಿದರು, ನಾನೂ ನೋಡಿದೆ. ಬುದ್ಧ, ಬಾಬಾಸಾಹೇಬರು. ಇಬ್ಬರೂ ಒಟ್ಟಿಗೆ ತಲೆ ಅಲ್ಲಾಡಿಸಿದೆವು. ಅವರನ್ನು ಇಳಿಸಿ ಅಲ್ಲಿ ಸೋಪಿನ ಜಾಹೀರಾತು? ಆಗದ ಮಾತು. ಕೆಲವು ವಿಷಯಗಳಲ್ಲಿ ರಾಜಿ ಇಲ್ಲ.

ಅಮ್ಮ ಹಿಂಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು.


ಫೆಬ್ರವರಿ 21, ಸೋಮವಾರ

ಅಪ್ಪ ಆಫೀಸಿಗೆ ಹೊರಟ ಬೆನ್ನಿಗೇ ಅಮ್ಮ ಸ್ಟೂಲು ತಂದು ಒಳಗಿನ ಗೋಡೆ ಕೆಳಗೆ ಇಟ್ಟಳು.

"ಹಿಡ್ಕೊ ಬಾ."

"ಏನ್ ಮಾಡ್ತಿದೀಯಮ್ಮ?"

"ಫೋಟೊ ಇಳಿಸ್ತಿದೀನಿ."

ಸ್ಟೂಲು ಹಿಡಿಯಲಿಲ್ಲ ನಾನು. ಅಪ್ಪ ಬರಲಿ ಎಂದೆ. ಟಿ.ವಿ.ಗೋಸ್ಕರ ಅವರನ್ನು ಕದಲಿಸುವುದು ತಪ್ಪು ಎಂದೆ. ಇನ್ನೂ ಬಹಳ ಹೇಳಿದೆ. ಅಮ್ಮ ಸ್ಟೂಲಿನ ಮೇಲಿಂದಲೇ ಕೇಳಿಸಿಕೊಂಡಳು, ಸೀರಿಯಲ್ ಕೇಳಿಸಿಕೊಳ್ಳುವ ಹಾಗೆ.

"ಮುಗೀತಾ? ಇಷ್ಟು ವರ್ಷ ಅವರನ್ನ ಮನೇಲಿ ಎಲ್ಲಕ್ಕಿಂತ ಕತ್ತಲೆ ಮೂಲೇಲಿ ಇಟ್ಟಿದೀರಿ ಅಪ್ಪ ಮಗಳು. ಹಗಲೆಲ್ಲ ಇರೋಳು ನಾನು, ನಂಗೇ ಅವರ ಮುಖ ಕಾಣಲ್ಲ. ಅಷ್ಟು ಓದಿದ ಮನುಷ್ಯ. ಕಿಟಕಿ ಹತ್ರ ಬರ್ಲಿ. ಕತ್ತಲು ಬೇಕಾಗಿರೋದು ಟಿ.ವಿ.ಗೆ ತಾನೆ? ಅದು ಹೋಗ್ಲಿ ಕತ್ತಲಿಗೆ."

ಸ್ಟೂಲು ಹಿಡಿದೆ.

ಫೋಟೊ ಗಾಜು ಒರೆಸಿದೆವು. ಕಿಟಕಿ ಪಕ್ಕದ ಗೋಡೆಗೆ ಅಮ್ಮನೇ ಮೊಳೆ ಹೊಡೆದಳು. ಸತೀಶನನ್ನು ಎಬ್ಬಿಸಿ ಪ್ಲಾಸ್ಮಾ ಹಿಡಿಸಿದೆ. ನಿಜವಾಗಿಯೂ ಸೊಂಟ ಹಿಡಿಯಿತು ಅವನಿಗೆ. ಕೇಬಲ್ ವೈರ್ ಸಾಲಲಿಲ್ಲ, ಓಡಿಹೋಗಿ ಉದ್ದದ್ದು ತಂದ. ಹಾಕಿ ನೋಡಿದರೆ ಗಾಜಿನಲ್ಲಿ ಗೇಟೂ ಇಲ್ಲ, ಸ್ಕೂಟರೂ ಇಲ್ಲ. ಅಮ್ಮನ ಚಾಪೆಯ ಮೇಲೆ ಕೂತು ನೋಡಿದೆ. ಓರೆ, ಆದರೆ ಬಣ್ಣ ಹಾಗೇ ಇದೆ. ಬೆಳಕು ಬೆನ್ನ ಹಿಂದೆ. ಪ್ಲಾಸ್ಮಾ ತಂದದ್ದು ಸರಿಯೇ. ಅದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಸಂಜೆ ಅಪ್ಪ ಬಂದರು. ಬಾಗಿಲಲ್ಲೇ ನಿಂತರು. ಒಂದು ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಲ್ಲೇ ಇತ್ತು. ಇಳಿಬಿಸಿಲು ಬಾಬಾಸಾಹೇಬರ ಕನ್ನಡಕದ ಮೇಲೆ, ಕೋಟಿನ ನೀಲಿಯ ಮೇಲೆ. ಆ ಕೋಟು ಕಪ್ಪು ಎಂದುಕೊಂಡೇ ಬೆಳೆದವಳು ನಾನು.

"ಯಾರು ಮಾಡಿದ್ದು?"

ನಾನು ಎನ್ನಲು ಬಾಯಿ ತೆರೆದೆ. ಅಮ್ಮ ಮೊದಲೇ ಹೇಳಿದಳು. "ನಾನು."

ಅಪ್ಪ ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಬಂದು ಬೆರಳಿಂದ ಚೌಕಟ್ಟು ಅಲುಗಿಸಿ ನೋಡಿದರು. "ಈ ಮೊಳೆ ಸಣ್ಣದಾಯ್ತು ಪಾರ್ವತಿ. ಭಾರ ತಡಿಯಲ್ಲ. ಸುತ್ತಿಗೆ ಎಲ್ಲಿ?"


ಫೆಬ್ರವರಿ 24, ಗುರುವಾರ, ಮಧ್ಯಾಹ್ನ

ಅಲಮೇಲು ಅವರು ನಿನ್ನೆ ಒಂದು ಸೀರೆ ಕಳಿಸಿದ್ದರು, ಇದೊಂದು ನೋಡೋಣ ಎಂದು. ಅಮ್ಮ ಬೆಳಗ್ಗೆಯೇ ಕಟ್ಟಿ ಮುಗಿಸಿದಳು. ಈಗ ಅವರೇ ಬಂದಿದ್ದಾರೆ. ಯಾವಾಗಲೂ ಬಾಗಿಲಲ್ಲೇ ನಿಂತು ಇಸಿದುಕೊಳ್ಳುವವರು, ಇವತ್ತು ಒಳಗೆ ಬಂದು ಸೆರಗನ್ನು ಕಿಟಕಿಗೆ ಹಿಡಿದು ನೋಡಿದರು. ದಾರಕ್ಕೂ ಸೆರಗಿಗೂ ಒಂದೆಳೆ ವ್ಯತ್ಯಾಸ ಇಲ್ಲ. ಇನ್ನೂ ಇವೆ, ಕಳಿಸ್ತೀನಿ ಎಂದರು. ನಾನು ಒಳಗೆ ಕೂತು ಇದನ್ನು ಬರೆಯುತ್ತಿದ್ದೇನೆ, ಕಿವಿಯೆಲ್ಲ ಅಲ್ಲೇ.

ಅಮ್ಮ ಥ್ಯಾಂಕ್ಸ್ ಎನ್ನಬೇಕಿತ್ತು. ಅಥವಾ ಕಾಫಿ ಕುಡೀತೀರಾ ಎಂದು ಕೇಳಬೇಕಿತ್ತು. ಹೇಳಿದ್ದು ಇಷ್ಟು: "ಒಂಚೂರು ಪಕ್ಕಕ್ಕೆ ಬನ್ನಿ. ಟಿ.ವಿ. ಮರೆ ಆಗ್ತಿದೆ."

ನಮ್ಮಮ್ಮ! ಅಲಮೇಲು ಅವರಿಗೆ!

ಎದ್ದು ಹೋಗಿ ಏನಾದರೂ ಹೇಳಿ ಸರಿಮಾಡಲೇ... ಬೇಡ. ಸರಿದರು. ಚಾಪೆ ಮೇಲೆ ಕೂತರು ಕೂಡ. "ಇವಳ ಗಂಡ ಯಾರು ಇದರಲ್ಲಿ?" ಎಂದು ಕೇಳುತ್ತಿದ್ದಾರೆ. ಅಮ್ಮ ಹೇಳುತ್ತಿದ್ದಾಳೆ, ಮೊದಲಿನಿಂದ. ಈಗ ನನ್ನನ್ನು ಕೂಗುತ್ತಿದ್ದಾಳೆ, ಸೌಂಡ್ ಜಾಸ್ತಿ ಮಾಡು ಬಾ ಎಂದು. ರಿಮೋಟ್ ಈ ಸತೀಶ ಎಲ್ಲಿಟ್ಟನೋ...