ಫ್ಲೆಕ್ಸಿನಲ್ಲಿ ನನ್ನ ಮುಖ

12 ಅಕ್ಟೋಬರ್ 2017, ಸಂಜೆ

ಮತ್ತೆ ಕೊನೆಯ ಬೆಂಚು. ಫಿಸಿಕ್ಸ್ ಮೇಷ್ಟ್ರು ಇವತ್ತೂ ಇಲ್ಲ—ಕಡಿಮೆ ಮಾರ್ಕ್ಸಿನ ಬ್ಯಾಚಿಗೆ ಯಾರೂ ಬರುವುದಿಲ್ಲ. ಬಂದವರು ವೀರಬಸಪ್ಪ ಸರ್, ಈ ಮತ್ತಿಕೆರೆ ಕೋಚಿಂಗ್ ಸೆಂಟರಿನ ಮಾಲೀಕರು. ಎಲ್ಲರೆದುರು ಎಬ್ಬಿಸಿ ನಿಲ್ಲಿಸಿದರು. "ವನಿತಾ, ನೀಟ್‌ನಲ್ಲಿ ಏಳ್ನೂರ ಇಪ್ಪತ್ತಕ್ಕೆ ಇನ್ನೂರ ಹದಿನಾಲ್ಕು ತಗೊಂಡೋಳು ಎರಡ್ನೇ ಸಲ ಬರ್ದು ಏನ್ ಡಾಕ್ಟ್ರಾಗ್ತೀಯಮ್ಮ? ನಮ್ ರಿಸಲ್ಟ್ ಹಾಳ್ ಮಾಡ್ಬೇಡ. ಬಿಎಸ್ಸಿ ಸೇರ್ಕೋ."

ಐಡಿ ಕಾರ್ಡ್ ಬಿಚ್ಚಿ ಮೇಜಿನ ಮೇಲಿಟ್ಟು ಬಂದೆ. ಬಸ್ಸಿನಲ್ಲಿ ಅತ್ತೆ. ಕೊಡಿಗೇಹಳ್ಳಿ ಬರುವಷ್ಟರಲ್ಲಿ ಅಳು ನಿಂತು ಸಿಟ್ಟು ಬಂತು.

13 ಅಕ್ಟೋಬರ್

ಬಸ್ಸಿನ ಓಡಾಟ ಸಾಕು, ಮನೆಯಲ್ಲೇ ಓದುತ್ತೇನೆ ಎಂದೆ ಅಪ್ಪನಿಗೆ. ನಿಜ ಹೇಳಲಿಲ್ಲ. ಆ ಸೆಂಟರಿನ ಶಾಮಿಯಾನ, ಫ್ಲೆಕ್ಸ್ ಎಲ್ಲ ಕಟ್ಟುವುದು ಅಪ್ಪನೇ. ನನ್ನಿಂದ ಗಿರಾಕಿ ಕೈತಪ್ಪುವುದು ಬೇಡ. ಆದರೆ ಬರೆಯುತ್ತೇನೆ. ಬರೆದೇ ಬರೆಯುತ್ತೇನೆ.

29 ಜನವರಿ 2018

ಅಪ್ಪನ ಶಾಮಿಯಾನದ ಗೋಡೌನಿನಲ್ಲಿ, ಮದುವೆ ಕಾರ್ಪೆಟ್ ರಾಶಿಯ ಮೇಲೆ ಓದು. ಧೂಳು... ಸೀನು. ಜೆನೆಟಿಕ್ಸ್ ಕೊನೆಗೂ ತಲೆಗೆ ಹತ್ತಿತು. ಗೆಳತಿ ಗೌಹರ್ ಇನ್ನೂ ಅದೇ ಬ್ಯಾಚಿನಲ್ಲಿದ್ದಾಳೆ. ಟೆಸ್ಟ್ ಪೇಪರ್‌ಗಳ ಫೋಟೋ ಕಳಿಸುತ್ತಾಳೆ. "ನೀನಾದ್ರೂ ಅವ್ರಿಗೆ ತೋರ್ಸೇ" ಅಂತ ಮೆಸೇಜು. ತೋರಿಸುತ್ತೇನೆ ಕಣೇ.

6 ಮೇ

ಬರೆದೆ. ಹೋದ ವರ್ಷ ಗೇಟಿನಲ್ಲಿ ಮೂಗುತಿ ಬಿಚ್ಚಿಸಿದ್ದರು. ಈ ಸಲ ಮನೆಯಲ್ಲೇ ಬಿಚ್ಚಿಟ್ಟು ಹೋದೆ.

4 ಜೂನ್

ನಾನೂರ ಎಂಬತ್ತೊಂಬತ್ತು!! ಸೀಟು ಸಿಗುತ್ತದೆ. ಅಪ್ಪ ಸೀರಿಯಲ್ ಸೆಟ್ ತಂದು ಮನೆಗೆಲ್ಲ ಸುತ್ತಿ ಮಟಮಟ ಮಧ್ಯಾಹ್ನವೇ ಲೈಟು ಹಾಕಿದ.

7 ಜೂನ್

ಅಪ್ಪ ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ಮತ್ತಿಕೆರೆಗೆ ಕರೆದೊಯ್ದ. ಯಾಕೆಂದು ಹೇಳಲಿಲ್ಲ. ಸೆಂಟರಿನ ಮುಂದೆ ನಿಲ್ಲಿಸಿ "ಮೇಲ್ ನೋಡು" ಅಂದ. ಫ್ಲೆಕ್ಸು. ಬೇರೆ ಹುಡುಗರ ನಡುವೆ, ಬಾಗಿಲಷ್ಟು ದೊಡ್ಡದಾಗಿ ನನ್ನ ಮುಖ. ನಾನು ಬಿಚ್ಚಿಟ್ಟು ಬಂದ ಐಡಿ ಕಾರ್ಡಿನದೇ ಫೋಟೋ! 'ನಮ್ಮ ಸಂಸ್ಥೆಯ ಹೆಮ್ಮೆ' ಅಂತೆ.

"ನಾನೇ ಕಟ್ಟಿದ್ದು ಕಣವ್ವ. ಊರ್ನೋರ್ ಉಟ್ಟಿದಬ್ಬಕ್ಕೆಲ್ಲ ಕಟ್ಟಿದೀನಿ. ನಮ್ಮನೇರ್ದು ಇದೇ ಮೊದ್ಲು."

ಮೈಯೆಲ್ಲ ಉರಿಯಿತು. ಅಪ್ಪನ ಹಿಗ್ಗಿದ ಮುಖ ನೋಡಿ ಆಟೋ ಹತ್ತಿ ಕೂತೆ.

8 ಜೂನ್

ಸರ್‌ಗೆ ಫೋನ್ ಮಾಡಿದೆ. ಫೋಟೋ ತೆಗೆಸಿ, ಇಲ್ಲದಿದ್ದರೆ 'ನಾವು ಓಡಿಸಿದ ಹುಡುಗಿ' ಅಂತ ಕೆಳಗೆ ಬರೆಸಿ ಎಂದೆ. ನಕ್ಕರು. "ಅದನ್ನ ನೋಡೇ ಅಡ್ಮಿಷನ್‌ಗೆ ಜನ ಬರ್ತಿರೋದಮ್ಮ. ನಿಮ್ ತಂದೆಗೆ ವರ್ಷಪೂರ್ತಿ ನಮ್ದೇ ಕೆಲ್ಸ, ಗೊತ್ತಲ್ಲ?"

ಗೊತ್ತು. ಅದಕ್ಕೇ ಇಷ್ಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದು. ಸಾಕು.

ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಅಪ್ಪನ ತುತ್ತು ಕೈಯಲ್ಲೇ ಉಳಿಯಿತು.

"ಎಲ್ರ್ ಮುಂದೆ ನಿಲ್ಸಿ ಅಂದ್ರಾ?"

ಹೂಂ ಎಂದೆ.

"ಆಗ್ಲೇ ಯಾಕವ್ವ ಏಳ್ಲಿಲ್ಲ... ನನ್ ಕೈಲೇ ಕಟ್ಸವ್ರಲ್ಲ."

ಕೈ ತೊಳೆದು ಎದ್ದುಹೋದ.

9 ಜೂನ್, ಬೆಳಗ್ಗೆ

ಏಣಿಯ ಸದ್ದಿಗೆ ಎಚ್ಚರ. ಅಪ್ಪ ಅದನ್ನು ಆಟೋದ ಮೇಲೆ ಕಟ್ಟುತ್ತಿದ್ದಾನೆ.

"ಎಲ್ಲಿಗಪ್ಪ?"

"ಕಟ್ಟಿದೋನ್ ನಾನೇ. ಬಿಚ್ಚೋನೂ ನಾನೇ."

"ಅವ್ರ್ ಕೊಡೋ ಕೆಲ್ಸ ಹೋಗುತ್ತೆ."

"ಅವ್ರ್ ಕರೀದಿದ್ರೆ ಊರಲ್ ಮದುವೆ ನಿಂತೋಗ್ತವಾ? ನಡಿ."

ಪೂರ್ತಿ ಬಿಚ್ಚುವುದು ಬೇಡ ಎಂದೆ. ಉಳಿದವರು ಅಲ್ಲೇ ಓದಿದವರು, ಇರಲಿ. ನನ್ನ ಮುಖ ಮಾತ್ರ ಕತ್ತರಿಸಿ ತರುತ್ತೇನೆ. ಆ ಜಾಗ ತೂತಾಗಿಯೇ ಇರಲಿ. ಅಡ್ಮಿಷನ್‌ಗೆ ಬಂದವರು ಇಲ್ಲಿ ಯಾರಿದ್ದರು ಎಂದು ಕೇಳಲಿ... ಗೌಹರ್‌ಗೆ ಮೆಸೇಜು ಹಾಕಿದೆ, ಅಲ್ಲೇ ನಿಂತು ಹೇಳುತ್ತಾಳಂತೆ. ಏಣಿ ಹತ್ತುವವಳು ನಾನೇ, ಅಪ್ಪ ಕೆಳಗೆ ಹಿಡಿದುಕೊಳ್ಳಲಿ.

ಹಾರ್ನ್ ಹೊಡೆಯುತ್ತಿದ್ದಾನೆ. ಅಮ್ಮನ ದೊಡ್ಡ ಕತ್ತರಿ ಎಲ್ಲಿ—