ಲ್ಯಾಂಡ್‌ಮಾಸ್ಟರಿಗೆ ಜಮಖಾನೆ

ಅಕ್ಟೋಬರ್ ೫, ೧೯೮೬. ರವಿವಾರ. ಮೊರಬ

ಮತ್ತೆ ಮೊಟ್ಟೆ. ಕಾರಿನ ಹಿಂದಿನ ಸೀಟು ಹರಿದು ಗುಂಡಿ ಬಿದ್ದಿದೆಯಲ್ಲ, ಅದರೊಳಗೆ. ಅಪ್ಪ ಕೊಂಡ ಲ್ಯಾಂಡ್‌ಮಾಸ್ಟರ್ ಈಗ ಕರಿಸಿದ್ದಪ್ಪನ ಕೋಳಿಗಳ ಬಾಣಂತಿ ಕೋಣೆ. ಅವನು ನಮ್ಮ ಹಿಟ್ಟಿನ ಗಿರಣಿಯ ಆಳು, ಹಿತ್ತಲ ಗೋಡೆಯಾಚೆ ಮನೆ. ಕರೆದು ತೋರಿಸಿದೆ.

"ಊರೆಲ್ಲಾ ಬಿಟ್ಟು ಇಲ್ಲೇ ಬರ್ತಾವಂದ್ರ ಜಾಗ ಮೆತ್ತಗ ಐತ್ರಿ ಸಾವ್ಕಾರ್ರ," ಎಂದ. ಮೊಟ್ಟೆ ಟವೆಲ್ಲಿಗೆ ಹಾಕಿಕೊಂಡು ಹೋದ. ಅನ್ನವ್ವ ಬಂದು ಕಾರಿಗೆ ಗೋಮೂತ್ರ ಚಿಮುಕಿಸಿದಳು. ನನಗೂ ಎರಡು ಹನಿ ಬಿತ್ತು. ಬೇಕೆಂದೇ. ಲಗ್ನವಾದಾಗಿನಿಂದ ಅವಳಿಗೆ ಈ ಕಾರು ಸವತಿ.

ಎಂಜಿನ್ ಮಾತ್ರ ಅಗದಿ ಚೆನ್ನಾಗಿದೆ. ರವಿವಾರಕ್ಕೊಮ್ಮೆ ಚಾಲೂ ಮಾಡಿ, ಗೋಣಿಚೀಲ ಹಾಸಿಕೊಂಡು ಕೂತು, ಊರಬಾಗಿಲ ಅಗಸಿಯವರೆಗೆ ಹೋಗಿ ಬರುತ್ತೇನೆ. ಊರು ನಗುತ್ತದೆ. ನಗಲಿ.

ಅಕ್ಟೋಬರ್ ೮. ಬುಧವಾರ

ಕುಬಿಹಾಳಕ್ಕೆ ಹೋಗಿ ಬಂದೆವು, ಬಸ್ಸಿನಲ್ಲಿ. ಮಗಳು ಮಾದೇವಿಗೆ ಏಳನೇ ತಿಂಗಳು ನಡೆಯುತ್ತಿದೆ. ಬಾಣಂತನಕ್ಕೆ ಕಳಿಸಿಕೊಡಿ ಎಂದು ಕೇಳಿದೆವು. ಅವಳ ಅತ್ತೆ ಗುರುಸಿದ್ದವ್ವನವರು ಚಹಾ ಕೊಟ್ಟರು. ಮಾತು ಕೊಡಲಿಲ್ಲ.

"ಹೋದ ವರ್ಷ ಬಸ್ಸಿನ್ಯಾಗ ಕಳಿಸಿ ಒಂದು ಕೂಸು ಕಳಕೊಂಡ್ವಿ ಬೀಗರ. ಈ ಸಲ ಬಸ್ಸಂದ್ರ ಕಳಸಂಗಿಲ್ಲ. ಟ್ರ್ಯಾಕ್ಟರಂತೂ ಬಾಯಾಗ ತಗೀಬ್ಯಾಡ್ರಿ."

"ಹುಬ್ಬಳ್ಳಿಂದ ಬಾಡಿಗಿ ಕಾರು ತರ್ತೇನ್ರಿ," ಎಂದೆ.

"ಬಾಡಿಗಿ ಗಾಡಿ ಹೊಡಿಯಾವಗ ನಮ್ಮ ಸೊಸಿ ಹೊಟ್ಯಾಗಿನ ಖಬರು ಇರ್ತೈತೇನ್ರಿ? ತಗ್ಗು ನೋಡಂಗಿಲ್ಲ, ದಿನ್ನಿ ನೋಡಂಗಿಲ್ಲ."

ಆಗ ಬಾಯಿಯಿಂದ ಬಂದುಬಿಟ್ಟಿತು — ನಮ್ಮ ಮನೆಯಲ್ಲೇ ಕಾರಿದೆ, ನಾನೇ ನಡೆಸುತ್ತೇನೆ, ಎತ್ತಿನ ಬೆನ್ನಿನ ಹಾಗೆ ಮೆತ್ತಗಿದೆ ಎಂದು.

"ತರ್ರಿ. ನಾ ಖುದ್ದ ಕುಂತು ನೋಡ್ತೇನಿ. ಆಮ್ಯಾಲ ಮಾತು."

ಬಸ್ಸಿನಲ್ಲಿ ಅನ್ನವ್ವ ಹುಬ್ಬಳ್ಳಿಯವರೆಗೆ ಅತ್ತಳು. ಹುಬ್ಬಳ್ಳಿಯಿಂದ ಈಚೆಗೆ ಬೈದಳು. "ಕೋಳಿ ಕುಂದ್ರೂ ಸೀಟಿನ್ಯಾಗ ಬಸರಿ ಮಗಳ್ನ ಕುಂದ್ರಸ್ತೀರಿ? ಅಕಿ ಬಾಣಂತನ ನನ್ನ ಕೈಲಿ ಆಗ್ಲಿಲ್ಲಂದ್ರ ನಾ ಈ ಮನ್ಯಾಗ ಇದ್ದು ಏನ್ ಮಾಡ್ಲಿ?"

ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ಹೋದ ವರ್ಷ ಮಾದೇವಿಗೆ ಹೊಟ್ಟೆನೋವು ಶುರುವಾದದ್ದು ಇದೇ ದಾರಿಯಲ್ಲಿ.

ಅಕ್ಟೋಬರ್ ೧೧. ಶನಿವಾರ

ಹುಬ್ಬಳ್ಳಿಯ ಸೀಟಿನವನು ದೀಪಾವಳಿ ಆದ ಮೇಲೆ ಬಾ ಎಂದ. ಯಾವ ದೀಪಾವಳಿ ಎಂದು ಹೇಳಲಿಲ್ಲ. ನಾನೇ ಮಾಡುತ್ತೇನೆ. ಗಿರಣಿಯ ಬೆಲ್ಟ್ ಹೊಲಿದ ಕೈ. ಇದೇನು ಮಹಾ.

ಸೀಟು ಹೊರಗೆ ತೆಗೆದು ಅಂಗಳಕ್ಕಿಟ್ಟೆ. ಒಳಗಿನಿಂದ ಬಂದದ್ದು: ಪುಕ್ಕ, ಜೋಳ, ಇಲಿಯ ಗೂಡು, ಪುಡಿಯಾದ ನಾರು. ಹಳೆಯ ಕವರಿನ ಹೊಲಿಗೆ ಬ್ಲೇಡಿನಿಂದ ಬಿಚ್ಚಿದೆ. ಒಂದೊಂದು ತುಂಡಿಗೂ ಸೀಮೆಸುಣ್ಣದಿಂದ ನಂಬರ್ ಬರೆದೆ — ಅದನ್ನೇ ಇಟ್ಟು ಹೊಸ ರೆಕ್ಸಿನ್ ಕತ್ತರಿಸುವುದು. ಸ್ಪ್ರಿಂಗ್ ತುಕ್ಕು ಹಿಡಿದಿವೆ, ಆದರೆ ಜೀವ ಇದೆ. ಮುರಿದದ್ದನ್ನು ತಂತಿ ಸುತ್ತಿ ಕಟ್ಟಿದೆ. ಡ್ರೈವರ್ ಕಾಲಬುಡದ ತಗಡು ತೂತು, ನೆಲ ಕಾಣುತ್ತದೆ. ಎಣ್ಣೆ ಡಬ್ಬಿಯ ತಗಡು ಬಡಿದೆ.

ಕರಿಸಿದ್ದಪ್ಪ ಬಂದು ನಿಂತು ನೋಡಿದ. "ಕೋಳಿ ಎಲ್ಲಿ ಹೋಗಬೇಕ್ರಿ ಈಗ?" ಎಂದ. ನಿಜವಾಗಿಯೂ ಚಿಂತೆಯಲ್ಲಿದ್ದ.

ಅಕ್ಟೋಬರ್ ೧೪. ಮಂಗಳವಾರ

ಬರೆಯಲು ಮನಸ್ಸಿಲ್ಲ. ಎರಡೂ ಬಾಜು ಬಲಗಡೆಯದೇ ಕತ್ತರಿಸಿದ್ದೇನೆ. ಎಡಗಡೆಯ ತುಂಡನ್ನು ಬೋರಲು ಹಾಕಿ ಅಳತೆ ತೆಗೆದುಬಿಟ್ಟೆ. ಮೇಲಾಗಿ ಹೊಲಿಗೆಗೆ ಅಂಚು ಬಿಟ್ಟಿಲ್ಲ. ಕವರು ಸೀಟಿಗೆ ಹಾಕಿದರೆ ದೊಡ್ಡವನಿಗೆ ಸಣ್ಣ ಹುಡುಗನ ಅಂಗಿ ತೊಡಿಸಿದಂತಾಗಿದೆ.

ಅನ್ನವ್ವ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಸಿಟ್ಟಾದರೂ ಮಾಡಬಹುದಿತ್ತು.

"ಕತ್ತರಿ ಇತ್ತಾಗ ಕೊಡ್ರಿ."

"ನಿನಗೇನು ತಿಳಿತೈತಿ ಕಾರಿಂದು?"

"ಕಾರಿಂದು ತಿಳಿಯಂಗಿಲ್ಲ. ಕೌದಿ ಹೊಲಿಯೂದು ತಿಳಿತೈತಿ. ಬರ್ರಿ, ಈ ಕಡೆ ಹಿಡೀರಿ."

ಹಿಡಿದೆ.

ಅಕ್ಟೋಬರ್ ೧೯. ರವಿವಾರ

ಸ್ಪ್ರಿಂಗಿನ ಮೇಲೆ ಗೋಣಿತಾಟು, ಅದರ ಮೇಲೆ ಹಿಂಜಿದ ಹತ್ತಿ, ಅದರ ಮೇಲೆ ಅನ್ನವ್ವನ ಹಳೆಯ ಸೀರೆಗಳ ಕೌದಿ, ಎಲ್ಲದರ ಮೇಲೆ ಹಸಿರು ರೆಕ್ಸಿನ್. ದಬ್ಬಣದಿಂದ ಅವಳು ಮೇಲಿನಿಂದ ಚುಚ್ಚುತ್ತಾಳೆ, ನಾನು ಕೆಳಗಿನಿಂದ ಎಳೆಯುತ್ತೇನೆ. ಹೊಲಿಗೆ ನೆಟ್ಟಗಿದೆ. ಅವಳ ಭಾಗದ್ದು.

ಅವಳೇ ಹೇಳಿದಳು: ತುಂಬಿದ ಕೊಡ ಸೀಟಿನ ಮೇಲಿಟ್ಟು ಓಡಿಸಿ ನೋಡ್ರಿ, ಎಷ್ಟು ತುಳುಕುತ್ತೈತೋ ಅಷ್ಟು ಕುಲುಕು. ಬುದ್ಧಿವಂತ ಮಾತು. ಕೊಡ ಇಟ್ಟು ನವಲಗುಂದ ರೋಡಿಗೆ ಹೋದೆ. ಒಂದು ಎಮ್ಮೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಕೊಡ ಉರುಳಿತು. ಹೊಲಿಗೆಯ ತೂತುಗಳಿಂದ ನೀರು ಇಳಿದು ಹತ್ತಿಯೆಲ್ಲ ಕುಡಿಯಿತು.

ಮತ್ತೆ ಬಿಚ್ಚಬೇಕು. ಒಣಗಿಸಬೇಕು. ಇಬ್ಬರೂ ಕಟ್ಟೆಯ ಮೇಲೆ ಕೂತು ನಕ್ಕೆವು. ಇಷ್ಟು ನಕ್ಕು ಎಷ್ಟು ದಿನವಾಯಿತೋ. ಹೋದ ವರ್ಷದಿಂದ ಈ ಮನೆಯಲ್ಲಿ ಯಾರೂ ಬಾಯಿತುಂಬ ನಕ್ಕಿರಲಿಲ್ಲ.

ಅಕ್ಟೋಬರ್ ೨೨. ಬುಧವಾರ

ಕೊಡದ ಪರೀಕ್ಷೆ ಪಾಸು. ಈ ಸಲ ಅನ್ನವ್ವ ಮಡಿಲಲ್ಲಿ ಹಿಡಿದು ಕೂತಿದ್ದಳು. ಸೀರೆ ಒದ್ದೆಯಾಗಲಿಲ್ಲ. ಉಳಿದದ್ದು ಕೆಳಗಿನ ಹಾಸು. ಹಳೆಯ ಕಾರ್ಪೆಟ್ ಗೊಬ್ಬರವಾಗಿತ್ತು, ತಿಪ್ಪೆಗೇ ಹಾಕಿದೆ. ಬರಿಯ ತಗಡಿನ ಮೇಲೆ ಬೀಗತಿಯನ್ನು ಕೂರಿಸುವುದು ಹೇಗೆ?

ನವಲಗುಂದಕ್ಕೆ ಹೋದೆ. ಖಾತುನಬಿ ಜಮಖಾನೆ ನೇಯುವವಳು. ನಮ್ಮ ಮನೆಯ ಎಲ್ಲ ಹಾಸೂ ಅವಳ ಮಗ್ಗದ್ದೇ. ಪೇಪರಿನಲ್ಲಿ ಕತ್ತರಿಸಿದ ಅಳತೆ ಬಿಚ್ಚಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದಳು.

"ಇದ್ಯಾವ ಖೋಲಿದ್ರಿ ಅಣ್ಣಾರ? ನಾಕು ಮೂಲಿ ಇಲ್ಲಲ್ಲ."

ಕಾರಿನದು, ಕಾಲಡಿ ಹಾಸಲು ಎಂದೆ. ಪೇಪರ್ ಮಡಚಿ ವಾಪಸು ಕೊಟ್ಟಳು.

"ಕುಂದ್ರಾಕ ನೇಯ್ತೇನ್ರಿ, ನಮಾಜಿಗೆ ನೇಯ್ತೇನ್ರಿ. ಚಪ್ಪಲಿ ಕಾಲಿಗೆ ನೇಯಂಗಿಲ್ಲ."

ಮಾದೇವಿಯ ಸಂಗತಿ ಎಲ್ಲಾ ಹೇಳಿದೆ. ಹೋದ ವರ್ಷದ್ದೂ ಹೇಳಿದೆ. ಹೊರಗಿನವರ ಎದುರು ಅದನ್ನು ಹೇಳಿದ್ದು ಇದೇ ಮೊದಲು. ಖಾತುನಬಿ ಪೇಪರ್ ಕೇಳಿ ತೆಗೆದುಕೊಂಡಳು.

"ಒಂದು ಮಾತು ಕೊಡ್ರಿ. ಯಾರೂ ಚಪ್ಪಲಿ ಮೆಟ್ಟಿ ಇದರ ಮ್ಯಾಲ ಕಾಲಿಡಬಾರ್ದು."

ಕೊಟ್ಟೆ.

ನವೆಂಬರ್ ೮. ಶನಿವಾರ

ಜಮಖಾನೆ ಬಂತು. ಕೆಂಪು, ನೀಲಿ, ಹಿಂದಿನ ಸೀಟಿನ ಬುಡಕ್ಕೆ ಎರಡು ನವಿಲು. ನಡುವಿನ ಉಬ್ಬಿನ ಮೇಲೆ ಸರಿಯಾಗಿ ಕೂರುತ್ತದೆ. ಅಷ್ಟು ಚೆಂದದ್ದನ್ನು ಕಾಲಡಿ ಹಾಕಲು ನಮಗೂ ಕೈ ಬರಲಿಲ್ಲ. ಅನ್ನವ್ವ ಅರಿಶಿನ ಕುಂಕುಮ ಇಟ್ಟಳು. ಕಾರಿಗೆ. ಸವತಿಗೆ!

ಸೋಮವಾರ ಹೊರಡುವುದು.

ನವೆಂಬರ್ ೧೦. ಸೋಮವಾರ. ಸಂಜೆ

ಮಾದೇವಿ ಮನೆಯಲ್ಲಿದ್ದಾಳೆ. ಒಳಗೆ ತಾಯಿ ಮಗಳ ಮಾತು ಕೇಳುತ್ತಿದೆ. ಹೇಗೆ ಆಯಿತು ಎಂದು ಬರೆದಿಡಬೇಕು.

ಬೆಳಗ್ಗೆ ಹೊರಟೆವು. ದಾರಿಯುದ್ದ ತಗ್ಗು ತಪ್ಪಿಸಿ, ಆಮೆಗತಿ. ಸೈಕಲ್‌ನವರು ಹಿಂದೆ ಹಾಕಿ ಹೋದರು. ಬೀಗರ ಮನೆ ಮುಂದೆ ನಿಲ್ಲಿಸಿ, ಬಾಗಿಲು ತೆಗೆದು ಕಾಲು ಕೆಳಗಿಟ್ಟೆ. ನೆಲ ಬಿಸಿ. ಚಪ್ಪಲಿಗಾಗಿ ಕಾಲಾಡಿಸಿದೆ — ಇಲ್ಲ. ಅನ್ನವ್ವನ ಕಡೆ ನೋಡಿದೆ. ಅವಳೂ ಕಾಲು ಹೊರಗಿಟ್ಟು ಹುಡುಕುತ್ತಿದ್ದಾಳೆ.

"ನಿಮ್ಮವು ಎಲ್ಲಿ?"

"ಬೇವಿನ ಗಿಡದ ಬುಡಕ್ಕ. ನಿನ್ನವು?"

"ನಿಮ್ಮವುಗಳ ಬಾಜುಕ್ಕ."

ಮೊರಬದಲ್ಲಿ! ಮನೆಯೊಳಗೆ ಹೋಗುವಾಗ ಬಿಡುವಂತೆ ಬಿಟ್ಟು, ಜಮಖಾನೆ ಮೇಲೆ ಕಾಲಿಟ್ಟು ಬಂದುಬಿಟ್ಟಿದ್ದೇವೆ. ಹೊಸ ಧೋತರ, ಇಳಕಲ್ ಸೀರೆ, ಬುಟ್ಟಿ ತುಂಬ ಕರ್ಚಿಕಾಯಿ — ಕೆಳಗೆ ಬರಿಗಾಲು.

ಗುರುಸಿದ್ದವ್ವನವರು ಹೊರಗೆ ಬಂದರು. ಕಾರು ನೋಡಲಿಲ್ಲ. ನಮ್ಮ ಕಾಲು ನೋಡಿದರು. ಬಹಳ ಹೊತ್ತು.

"ಬರಿಗಾಲಾಗ ಬಂದೀರಿ... ಹರಕಿ ಹೊತ್ತೀರೇನ್ರಿ? ಕೂಸಿನ ಸಲುವಾಗಿ?"

ನಾನು ನಿಜ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅನ್ನವ್ವ, ಸುಳ್ಳು ಹೇಳಿದರೆ ನಾಲಿಗೆ ಬೀಳುತ್ತದೆಂದು ಮಗಳಿಗೆ ಕಲಿಸಿದವಳು, "ಹೂನ್ರಿ" ಎಂದಳು.

ಗಟ್ಟಿ ಹೆಂಗಸು ಗುರುಸಿದ್ದವ್ವ. ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. "ಹೋದ ವರ್ಷ ಬಸ್ಸು ಹತ್ತಿಸಿದಾಕಿ ನಾನ. ಅಕಿ ಒಲ್ಲೆ ಅಂದ್ಲು. ತವರಿಗೆ ನಾಕು ದಿನ ಹೋಗಿ ಬಾ ಅಂತ ನಾನ ಜುಲುಮಿ ಮಾಡಿದ್ನಿ. ಅವತ್ತಿಂದ ಅಕಿನ್ನ ಬಾಗಿಲು ದಾಟಸಾಕ ನನಗ ಅಂಜಿಕಿ ಬೀಗರ."

ಇಷ್ಟು ದಿನ ಅದನ್ನು ಸೊಕ್ಕು ಎಂದುಕೊಂಡಿದ್ದೆ. ನನಗೆ ನಾಚಿಕೆಯಾಯಿತು.

ಅವರು ತಮ್ಮ ಚಪ್ಪಲಿ ಕಳಚಿ ಗೋಡೆಯ ಮಾಡದಲ್ಲಿಟ್ಟರು. "ಕೂಸಿನ ಮಾರಿ ನೋಡೂತನ ನನಗೂ ಬ್ಯಾಡ." ಆಮೇಲೆ ಸೀಟಿನಲ್ಲಿ ಕೂತರು. ಎರಡು ಸಲ ಕುಪ್ಪಳಿಸಿದರು. ಊರು ಒಂದು ಸುತ್ತು ಹಾಕಿಸಿದೆ. ಇಳಿದು, "ಮೆತ್ತಗೈತಿ. ಕರಕೊಂಡು ಹೋಗ್ರಿ," ಎಂದು ಸೊಸೆಯ ತಲೆ ಸವರಿದರು.

ಮಾದೇವಿ ದಾರಿಯಲ್ಲಿ ನಿದ್ದೆ ಮಾಡಿದಳು. ಅದೇ ದಾರಿಯಲ್ಲಿ. ಕನ್ನಡಿಯಲ್ಲಿ ನೋಡಿ ನೋಡಿ ಬಂದೆ.

ನವೆಂಬರ್ ೧೩. ಗುರುವಾರ

ಅನ್ನವ್ವ ಚಪ್ಪಲಿ ಮೆಟ್ಟುವುದಿಲ್ಲವಂತೆ. ನನಗೂ ಮೆಟ್ಟಗೊಡುವುದಿಲ್ಲವಂತೆ. "ಹೂನ್ರಿ ಅಂದೇನಿ. ಅಂದ ಮ್ಯಾಲ ಆತು. ಅಲ್ಲಿ ಬೀಗತಿ ಬರಿಗಾಲಾಗ ಅಡ್ಡಾಡಾಕತ್ತಾರ, ಇಲ್ಲಿ ನಾವು ಚಪ್ಪಲಿ ಮೆಟ್ಟಿ ಮೆರಿಯೂಣೇನು?"

ಹೊಲದಲ್ಲಿ ಜಾಲಿ ಮುಳ್ಳು. ಹಿಮ್ಮಡಿಗೇ.

ನವೆಂಬರ್ ೨೪

ಗಿರಣಿಯಲ್ಲಿ ಬಾಗಿಲು ಹಾಕಿಕೊಂಡು ಚಪ್ಪಲಿ ಮೆಟ್ಟಿದ್ದೆ. ಸ್ವಲ್ಪ ಹೊತ್ತು. ಸ್ವರ್ಗ. ಕರಿಸಿದ್ದಪ್ಪ ಹೋಗಿ ಹೇಳಿದ, ದ್ರೋಹಿ. ಕೋಳಿಯ ಸೇಡು ತೀರಿಸಿಕೊಂಡ. ಅನ್ನವ್ವ ರೊಟ್ಟಿ ಬಡಿಸಿದಳು, ಪಲ್ಯ ಬಡಿಸಲಿಲ್ಲ.

ಮಾದೇವಿಯ ಕಾಲು ಬಾತಿವೆ. ಬಸುರಿಯರಿಗೆ ಹಾಗಾಗುತ್ತದೆ ಎಂದರು ಡಾಕ್ಟರು. ಅದನ್ನು ನೋಡಿದಾಗಿನಿಂದ ನಾನೂ ಮೆಟ್ಟಿಲ್ಲ. ಹರಕೆ ಸುಳ್ಳು ಎಂದು ಗೊತ್ತು. ಆದರೂ... ಈಗ ಮೆಟ್ಟಲು ಧೈರ್ಯವಿಲ್ಲ.

ಡಿಸೆಂಬರ್ ೧೯. ಶುಕ್ರವಾರ. ಹುಬ್ಬಳ್ಳಿ, ಆಸ್ಪತ್ರೆ

ಬೆಳಗಿನ ಜಾವ ನೋವು ಶುರು. ಹಸಿರು ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆವು. "ಅಪ್ಪಾ, ಸಾವಕಾಶ," ಎಂದಳು ಒಮ್ಮೆ. ಆಮೇಲೆ "ಅಪ್ಪಾ, ಜಲ್ದಿ!" ಕುಬಿಹಾಳಕ್ಕೆ ಸುದ್ದಿ ಕಳಿಸಿದೆ. ವರಾಂಡದಲ್ಲಿ ಕೂತಿದ್ದೇನೆ. ಸುಮ್ಮನೆ ಕೂರಲಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅದೇ ದಿನ. ಮಧ್ಯಾಹ್ನ

ಹೆಣ್ಣು. ತಾಯಿ ಮಗು ಸುಖ. ನರ್ಸ್ ಹೇಳಿದ ಮೇಲೂ ಮತ್ತೊಮ್ಮೆ ಹೇಳಿ ಎಂದೆ. ಹೇಳಿದಳು, ಪಾಪ.

ಗುರುಸಿದ್ದವ್ವನವರು ಬಸ್ಸಿಳಿದು ಬಂದರು. ಬರಿಗಾಲು. ಹಿಮ್ಮಡಿ ಬಿರಿದು ರಕ್ತ ಕಟ್ಟಿದೆ, ಈ ವಯಸ್ಸಿನಲ್ಲಿ. ನೋಡಲಾಗಲಿಲ್ಲ. ಹೇಳಿಬಿಟ್ಟೆ — "ಅಕ್ಕಾರ, ಅವತ್ತು ಹರಕಿ ಗಿರಕಿ ಇದ್ದಿಲ್ರಿ. ಜಮಖಾನಿ ಹೊಲಸಾಗ್ತೈತಂತ ಚಪ್ಪಲಿ ಮೊರಬದಾಗ ಬಿಟ್ಟು, ಮರತು ಬಂದಿದ್ವಿ."

ಕೈಚೀಲಕ್ಕೆ ಕೈ ಹಾಕಿದರು. ಒಂದು ಜೊತೆ ಚಪ್ಪಲಿ ತೆಗೆದು ನನ್ನೆದುರು ಇಟ್ಟರು. ಮಾದೇವಿಯದು.

"ಅವತ್ತು ನಿಮ್ಮ ಮಗಳೂ ಇವನ್ನ ನಮ್ಮನಿ ಮುಂದ ಓಣ್ಯಾಗ ಬಿಟ್ಟು ಕಾರು ಹತ್ತಿದ್ಲು ಬೀಗರ. ಗಾಡಿ ಹ್ವಾದ ಮ್ಯಾಲ ನೋಡಿದ್ನಿ. ಆಗ ತಿಳೀತು ನಿಮ್ಮ ಹರಕಿ ಎಂಥಾದ್ದಂತ. ಕಟ್ಟಿ ಮ್ಯಾಲ ಕುಂತು ಒಬ್ಬಾಕೀನ ನಕ್ಕೆ."

"ಮತ್ತ ನೀವ್ಯಾಕ ಚಪ್ಪಲಿ..."

"ನಿಮ್ಮದು ಮರವು. ನಾ ಖರೇನ ಬಿಟ್ಟಿದ್ನಲ್ರಿ."

ಇಬ್ಬರೂ ಬೆಂಚಿನ ಮೇಲೆ ಕೂತೆವು, ನಾಲ್ಕು ಒಡಕು ಹಿಮ್ಮಡಿ ಮುಂದೆ ಚಾಚಿಕೊಂಡು. ಒಳಗಿನಿಂದ ಅನ್ನವ್ವ ಬಾಗಿಲಿಗೆ ಬಂದು ನಿಂತಿದ್ದಾಳೆ, ಕೈಯಲ್ಲಿ ಬಿಳಿ ಬಟ್ಟೆಯ ಗಂಟು. ಮೊದಲು ಬೀಗತಿಗೆ ಕೊಟ್ಟಳು. ಅವರು ಹಣೆಗೆ ಹಣೆ ತಾಗಿಸಿ, ಈಗ ನನ್ನ ಕಡೆ ತಿರುಗಿ, "ಬರಿಯೂದು ಸಾಕು, ಕೈ ಚಾಚ್ರಿ," ಎನ್ನುತ್ತಿದ್ದಾರೆ. ಬೆರಳಿಗೆಲ್ಲ ಮಸಿ. ತೊಳೆದು ಬಂದು —